ಜೀಪಿನ ನಾಲ್ಕನೆಯ ಸೀಟು

ಮೇಷ್ಟ್ರು ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಟ್ಟರು. ಕಾರು ಎರಡು ಸಲ ಕೆಮ್ಮಿ, ಮುಂದಕ್ಕೆ ಹಾರಿ, ಸಿಗ್ನಲ್ಲಿನ ಬಿಳಿ ಗೆರೆಯ ಮೇಲೆ ನಿಂತುಹೋಯಿತು. ಹಿಂದಿನಿಂದ ಹಾರನ್ನುಗಳು ಶುರುವಾದವು. "ಪರವಾಗಿಲ್ಲ, ಗಾಬರಿ ಬೇಡ. ಕ್ಲಚ್ ಒತ್ತಿ. ನ್ಯೂಟ್ರಲ್. ಈಗ ಕೀ," ಎಂದು ಪಕ್ಕದಲ್ಲಿ ಕೂತು ಕಾರು ಕಲಿಸುತ್ತಿದ್ದ ಅವಳ ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಮನಸ್ಸು ಮಾತ್ರ ಬೆಳಿಗ್ಗೆಯಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು. ಮೂರೋ, ನಾಲ್ಕೋ? ಕಾಡಿನಂಚಿನ ವಸತಿಗೃಹದವನಿಗೆ ಸಂಜೆಯೊಳಗೆ ಹೇಳಬೇಕು. ಸಫಾರಿಯ ಜೀಪಿನಲ್ಲಿ ಗಂಡ, ಮಗಳು, ತಾನು, ಈ ಮೂವರ ಸೀಟು ಖಾತ್ರಿಯಾಗಿದೆ. ನಾಲ್ಕನೆಯದನ್ನು ಅವನು ಹಿಡಿದಿಟ್ಟುಕೊಂಡು ಕೂತಿದ್ದಾನೆ. "ನಿಮ್ಮ ಅತ್ತೆಯವರು ಬರೋದೋ ಬಿಡೋದೋ ಇವತ್ತು ಹೇಳಿಬಿಡಿ ಮೇಡಂ. ಆ ಸೀಟಿಗೆ ಇನ್ನೊಬ್ಬರು ಕಾಯ್ತಿದ್ದಾರೆ," ಎಂದು ಅವನು ಬೆಳಿಗ್ಗೆ ಫೋನಿನಲ್ಲಿ ಅಂದಾಗ, "ಕೇಳಿ ಹೇಳ್ತೀನಿ" ಎಂದಿದ್ದಳು. ಯಾರನ್ನು ಕೇಳುವುದು?

ಕಾರು ಮತ್ತೆ ಹೊರಟಿತು. ಕಲಿಯುವವರ ಪಕ್ಕದ ಸೀಟಿನಲ್ಲಿ, ಅವಳ ಬಲಗಾಲಿನ ಕೆಳಗೆ, ಅವಳದೇ ಒಂದು ಬ್ರೇಕ್ ಇತ್ತು. ಅದರ ರಬ್ಬರು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಡ್ರೈವಿಂಗ್ ಶಾಲೆಯಲ್ಲಿ ಎಲ್ಲರೂ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಿದ್ದರು, ಎದುರಿಗೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಕನ್ನಡಿ ನೋಡಿ, ಗೇರ್ ಬದಲಿಸಿ, ಎಡಕ್ಕೆ ಅಂದರೆ ಎಡಕ್ಕೇ ತಿರುಗಿಸಿ, ನಾಯಿ, ನಾಯಿ, ನಾಯಿ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಮನೆಗೆ ಹೋದರೆ ಅಲ್ಲಿ ಗಂಡನ ಕಾಲುಚೀಲ, ಮಗಳ ನೀರಿನ ಬಾಟಲಿ, ಆಫ್ ಮಾಡದ ದೀಪ, ಮುಚ್ಚದ ಬಾಗಿಲು. ಮನೆಯೂ ಒಂದು ಕಲಿಯುವವರ ಕಾರೇ. ಕಾಲನ್ನು ಬ್ರೇಕಿನ ಮೇಲಿಂದ ತೆಗೆಯುವ ಹಾಗಿಲ್ಲ. ಹಾಗಿರುವಾಗ ವಸತಿಗೃಹದವನು ಮೊದಲ ಸಲ ನಿಯಮಗಳನ್ನು ಹೇಳಿದ್ದ: ಕೆಂಪು, ಬಿಳಿ ಬಟ್ಟೆ ಬೇಡ, ಸೆಂಟು ಹಾಕಬೇಡಿ, ಜೀಪಿನಿಂದ ಇಳಿಯಬೇಡಿ, ಮಾತಾಡಬೇಡಿ. "ಒಂದು ಮಾತೂ ಆಡೋ ಹಾಗಿಲ್ಲ ಮೇಡಂ. ನೀವು ಮಾತಾಡಿದ್ರೆ ಪ್ರಾಣಿ ಇರಲ್ಲ." ಉಳಿದವರಿಗೆ ಅದು ನಿಯಮ. ಅವಳಿಗೆ ಕಿವಿಗೆ ತಂಪೆರೆದ ಹಾಗಾಗಿತ್ತು. ಬೇರೆ ಯಾರೋ ಓಡಿಸುವ ಗಾಡಿ, ಏನನ್ನೂ ಕೇಳಬಾರದ ಗಂಡ, ಏನನ್ನೂ ಬೇಡಬಾರದ ಮಗಳು, ಏನನ್ನೂ ಹೇಳಬೇಕಾಗಿಲ್ಲದ ತಾನು. ಚಿರತೆ ಕಾಣದಿದ್ದರೆ ಹಾಳಾಗಿ ಹೋಗಲಿ. ಅವಳು ಹೋಗಬೇಕೆಂದಿದ್ದದ್ದು ಆ ಮೌನಕ್ಕೆ.

ಆದರೆ ಅತ್ತೆ. ಅತ್ತೆ ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಮಾತಾಡುತ್ತಿದ್ದರು. ಕನಸನ್ನು ಹೇಳಿ, ಕನಸಿನಲ್ಲಿ ಬಂದವರ ಸಂಬಂಧ ಹೇಳಿ, ಆ ಸಂಬಂಧಿಕರ ಮಗಳಿಗೆ ಹಲ್ಲು ಕೀಳಿಸಿದ್ದನ್ನು ಹೇಳಿ, ಹಲ್ಲಿನಿಂದ ಪೇಸ್ಟಿಗೆ ಬಂದು, "ಪೇಸ್ಟ್ ಮುಗಿದಿದೆ ಕಣೇ" ಎನ್ನುವ ಹೊತ್ತಿಗೆ ಅವಳಿಗೆ ಕೆಲಸಕ್ಕೆ ತಡವಾಗಿರುತ್ತಿತ್ತು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು.

"ಮೇಡಂ, ಆ ಲಾರಿ ನನ್ನನ್ನೇ ನೋಡ್ತಿದೆ," ಎಂದರು ಮೇಷ್ಟ್ರು. ಜೀವನವೆಲ್ಲ ಮಕ್ಕಳಿಗೆ ಗಣಿತ ಕಲಿಸಿ, ನಿವೃತ್ತರಾದ ಮೇಲೆ ಕಾರು ಕಲಿಯಲು ಹೊರಟವರು.

"ಲಾರಿ ನಿಂತಿದೆ ಮೇಷ್ಟ್ರೇ. ನೀವು ಹೋಗಿ."

"ನಿಂತಿದೆ ಅಂತ ಅದಕ್ಕೆ ಗೊತ್ತಾ?" ಎನ್ನುತ್ತ ಅವರು ಹೇಗೋ ಅದನ್ನು ದಾಟಿಸಿ, ದೊಡ್ಡದಾಗಿ ಉಸಿರುಬಿಟ್ಟು, ಮಾತಿಗೆ ಕೂತರು. "ನೀವೇನೋ ಕಾಡಿಗೆ ಹೊರಟಿದ್ದೀರಂತೆ, ಆಫೀಸಲ್ಲಿ ಹೇಳ್ತಿದ್ರು. ಪುಣ್ಯವಂತರು. ಅಲ್ಲಿ ಸಿಗ್ನಲ್ಲೇ ಇರಲ್ಲ. ಅತ್ತೇನೂ ಕರ್ಕೊಂಡು ಹೋಗ್ತಿದ್ದೀರಾ?"

"ನೋಡ್ಬೇಕು ಮೇಷ್ಟ್ರೇ. ಕನ್ನಡಿ ನೋಡಿ."

"ಕರ್ಕೊಂಡು ಹೋಗೇ ಹೋಗ್ತೀರಿ. ನನ್ನ ಸೊಸೆ ನನ್ನನ್ನ ಅಂಗಡಿಗೂ ಕರೆದುಕೊಂಡು ಹೋಗಲ್ಲ. ನಿಮ್ಮಂಥ ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ?"

ಅವಳ ಕಾಲು ಬ್ರೇಕನ್ನು ಒತ್ತಿತು. ರಸ್ತೆಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಸ್ಟಿಯರಿಂಗಿಗೆ ಎದೆ ತಾಗಿಸಿಕೊಂಡು, "ನಾನೇನು ತಪ್ಪು ಮಾಡಿದೆ ಮೇಡಂ?" ಎಂದು ಪಾಠ ಬಾರದ ಹುಡುಗನ ಮುಖ ಮಾಡಿಕೊಂಡು ಕೇಳಿದರು. "ಏನಿಲ್ಲ, ನಾಯಿ," ಎಂದಳು. ಅವರು ಆ ಇಲ್ಲದ ನಾಯಿಯನ್ನು ಕನ್ನಡಿಯಲ್ಲಿ ಬಹಳ ಹೊತ್ತು ಹುಡುಕಿದರು.

ಮನೆಯ ಮೆಟ್ಟಿಲು ಹತ್ತುವಾಗಲೇ ಅತ್ತೆಯ ದನಿ ಕೇಳಿಸಿತು. ಅಡುಗೆಮನೆಯ ಬಾಗಿಲು ಎಂದಿನಂತೆ ಕಿರ್ರೆಂದು ಕಿರುಚಿತು, ಅತ್ತೆ ಹೊರಬಂದರು. "ಬಂದ್ಯಾ? ನಿನ್ನ ಗಂಡ ನೋಡು, ನನ್ನ ಕೆಂಪು ಸ್ವೆಟರ್ ಹಾಕ್ಕೋಬಾರ್ದಂತೆ, ಚಿರತೆಗೆ ಕಣ್ಣು ಕುಕ್ಕುತ್ತಂತೆ. ಚಿರತೆ ಏನು ಬಟ್ಟೆ ಅಂಗಡಿ ಇಟ್ಟಿದ್ಯಾ? ಮಣ್ಣಿನ ಬಣ್ಣದ್ದು ಹಾಕ್ಕೋ ಅಂತಾನೆ. ಮಣ್ಣಿಗೆ ಹೋಗೋವಾಗ ಹೇಗಿದ್ರೂ ಆ ಬಣ್ಣವೇ, ಈಗ್ಲೇ ಯಾಕೋ ಅಂದೆ. ಮುಖ ಊದಿಸ್ಕೊಂಡ. ಚಹಾ ಇಟ್ಟಿದ್ದೀನಿ. ಸಕ್ಕರೆ ಕಮ್ಮಿ. ನಿನ್ನ ಕಣ್ಣೇನು ಹೀಗಿದೆ, ನಿದ್ದೆ ಇಲ್ವಾ? ಆ ಮೇಷ್ಟ್ರು ಇವತ್ತೂ ಗೋಡೆಗೆ ಗುದ್ದಿದ್ರಾ?" ಉತ್ತರಕ್ಕೆ ಅವರು ಕಾಯಲಿಲ್ಲ. ಅದೇ ಅವಳಿಗೆ ಸಹಿಸಲಾಗದ್ದು. ಕೇಳಿ ಕಾದರೆ, ಒಂದು ಉತ್ತರ ಕೊಟ್ಟು ಮುಗಿಸಬಹುದಿತ್ತು.

ಹಜಾರದಲ್ಲಿ ಗಂಡ ಮೂರು ದುರ್ಬೀನುಗಳನ್ನು ಟವೆಲಿನ ಮೇಲೆ ಹರಡಿಕೊಂಡಿದ್ದ. ಕನ್ನಡಕದ ಅಂಗಡಿಯವನು; ಗಾಜು ಕಂಡರೆ ಒರೆಸದೆ ಬಿಡುವವನಲ್ಲ. ಚಿರತೆ ಮರದ ಮೇಲಿದ್ದರೆ ಯಾವುದು, ಪೊದೆಯಲ್ಲಿದ್ದರೆ ಯಾವುದು ಎಂದು ಒಂದು ತಿಂಗಳಿನಿಂದ ಮಾತಾಡುತ್ತಿದ್ದ. ತಾಯಿಯ ಸೀಟಿನ ಮಾತು ಬಂದಾಗ ಮಾತ್ರ ಗಾಜು ಒರೆಸುತ್ತಿದ್ದ. "ನಿಮ್ಮ ಅಕ್ಕನ ಮನೇಲಿ ನಾಲ್ಕು ದಿನ ಇದ್ರೆ ಅವರಿಗೂ ಹಾಯಾಗಿರುತ್ತಲ್ವಾ?" ಎಂದು ಅವಳು ಒಮ್ಮೆ ತೇಲಿಸಿಬಿಟ್ಟಿದ್ದಳು. "ನೀನೇ ಕೇಳು," ಎಂದಿದ್ದ. ಇವನ ತಾಯಿ, ಇವನ ಅಕ್ಕ, ಕೇಳಬೇಕಾದವಳು ಇವಳು. ಮಗಳು ಇನ್ನೂ ನೇರವಾಗಿ, "ಅಜ್ಜೀನ ಬಿಟ್ಟು ಹೋಗೋಕೆ ನೋಡ್ತಿದ್ದೀಯ ಅಲ್ವಾ?" ಎಂದು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೇಳಿದ್ದಳು. "ಹದಿನಾಲ್ಕು ವರ್ಷಕ್ಕೇ ಬಾಯಿ ನೋಡು" ಎಂದು ಗದರಿ ಬಾಯಿ ಮುಚ್ಚಿಸಿದ್ದಾಯಿತು. ಬಾಯಿ ಮುಚ್ಚಿತು, ಕಣ್ಣು ಮುಚ್ಚಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾಗಿ ನಿನ್ನೆ ಊಟದ ಹೊತ್ತಿನಲ್ಲಿ, ಏನೂ ಅಲ್ಲವೆಂಬಂತೆ ಹೇಳಿದ್ದಳು: ಕಾಡಿನಲ್ಲಿ ಅಷ್ಟು ಹೊತ್ತು ಬಾಯಿ ಕಟ್ಟಿ ಕೂರುವುದು ಹುಡುಗಾಟವಲ್ಲ, ನಾಳೆ ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡೋಣ. ಗಂಡನಿಗೆ ಇದು ಬಹಳ ಹಿಡಿಸಿತು. ಮಗಳು ಆಟವೆಂದುಕೊಂಡಳು. ಅತ್ತೆಯಂತೂ "ಅಯ್ಯೋ, ನನಗೇನು, ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋತೀನಿ" ಎಂದು, ಬೀಗದ ಮೇಲೆ ಹತ್ತು ನಿಮಿಷ ಮಾತಾಡಿದ್ದರು. ಅವಳ ಲೆಕ್ಕ ಸರಳವಾಗಿತ್ತು. ಅತ್ತೆ ಸೋಲುತ್ತಾರೆ, ಎಲ್ಲರೂ ನಗುತ್ತಾರೆ, ನಗುವಿನ ನಡುವೆ ಅತ್ತೆಯೇ "ನನ್ನ ಕೈಲಾಗಲ್ಲಪ್ಪ, ನೀವು ಹೋಗಿಬನ್ನಿ" ಎನ್ನುತ್ತಾರೆ. ಯಾರೂ ಯಾರನ್ನೂ ಬಿಟ್ಟು ಹೋದಂತಾಗುವುದಿಲ್ಲ.

ಇವತ್ತು ಚಹಾದ ಲೋಟ ತೊಳೆದಿಟ್ಟು ಅಡುಗೆಮನೆಯಿಂದ ಹೊರಬರುವ ಮುನ್ನ ಅವಳು ಇನ್ನೊಂದು ಕೆಲಸ ಮಾಡಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ ಮುಚ್ಚಿ, ಮತ್ತೆ ಕೂದಲೆಳೆಯಷ್ಟು ಸಡಿಲಿಸಿದಳು. ಹನಿ ಪಾತ್ರೆಯ ತಳಕ್ಕೆ ಬಿದ್ದು ಟಪ್ ಎಂದಿತು. ಸೋರುವ ನಲ್ಲಿಯ ಸದ್ದು ಕೇಳಿಯೂ ಅತ್ತೆ ಸುಮ್ಮನಿರುವುದು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ. ಕೈ ಒರೆಸಿಕೊಳ್ಳುವಾಗ ತನ್ನ ಕೈಯನ್ನು ನೋಡಿಕೊಂಡಳು. ಕಲಿಯುವವರ ಕಾಲಡಿಯ ಬ್ರೇಕಿನ ಕೆಳಗೆ ಚೆಂಡು ಉರುಳಿಸಿಬಿಡುವವರ ಕೈ ಹೀಗೇ ಇರುತ್ತದೇನೋ.

ಮಗಳು ನಾಲ್ಕು ಕುರ್ಚಿಗಳನ್ನು ಕಿಟಕಿಯೆದುರು ಎರಡು ಸಾಲಾಗಿ ಇಟ್ಟಿದ್ದಳು. ಮುಂದೆ ಅಪ್ಪ, ಅಜ್ಜಿ. ಹಿಂದೆ ಅಮ್ಮ, ತಾನು. "ಮಾತಾಡಿದವರನ್ನ ಚಿರತೆ ತಿನ್ನುತ್ತೆ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಕೆಳಗೆ ಬರೋವರೆಗೆ. ಶುರು!" ಎಂದು ತಾನೇ ಬಾಯಿಗೆ ಕೈಯಿಟ್ಟುಕೊಂಡಳು.

ಕಿಟಕಿಯಾಚೆ ರಸ್ತೆ. ಎದುರು ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ನಡೆದುಹೋಯಿತು. ಸೈಕಲ್ಲಿನವನೊಬ್ಬ ಚೈನು ಕಳಚಿಕೊಂಡು ನಿಂತ. ಪಕ್ಕದ ಮನೆಯಾಕೆ ಗಂಡನ ಅಂಗಿಯನ್ನು ಒಣಹಾಕುತ್ತ ಅದರ ಜೇಬನ್ನು ತಡಕುತ್ತಿದ್ದಳು. ಈಗ, ಎಂದುಕೊಂಡಳು ಅವಳು. ಇದನ್ನು ನೋಡಿಯೂ ಅತ್ತೆ ಬಾಯಿ ಬಿಡದೆ ಇರುತ್ತಾರೆಯೇ? ಹಿಂದಿನಿಂದ ಅತ್ತೆಯ ಬಿಳಿ ತುರುಬು, ಕಿವಿಯ ಹಿಂದಿನ ಮಚ್ಚೆ ಕಾಣುತ್ತಿತ್ತು. ಅದು ಅಲುಗಲಿಲ್ಲ. ಅಡುಗೆಮನೆಯಲ್ಲಿ ಟಪ್. ಸ್ವಲ್ಪ ಬಿಟ್ಟು ಮತ್ತೆ ಟಪ್. ಅವಳದೇ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ನೋಡಿದಳು. ಅತ್ತೆಯ ಎಡಗೈ ಮಂಡಿಯ ಮೇಲಿತ್ತು. ಅದರ ಕಿರುಬೆರಳು ಎರಡು ಸಲ ಮಂಡಿಯನ್ನು ತಟ್ಟಿತು. ಪಕ್ಕದಲ್ಲಿ ಗಂಡನ ಅಂಗೈ, ಅವನು ಕಿಟಕಿಯಿಂದ ಕಣ್ಣು ತೆಗೆಯದೆಯೇ, ತೊಡೆಯ ಮೇಲೆ ಮಗುಚಿ ಚಪ್ಪಟೆಯಾಯಿತು. ಅತ್ತೆಯ ಹೆಬ್ಬೆರಳು ಹಿಂದಕ್ಕೆ ಬಾಗಿತು. ಗಂಡ ಭುಜ ಕುಗ್ಗಿಸಿದ.

ಆ ಬೆರಳುಗಳನ್ನು ಅವಳು ಮೊದಲೂ ಕಂಡಿದ್ದಳು. ಅವಳು ಹೊಸತಾಗಿ ಈ ಮನೆಗೆ ಬಂದಾಗ ಅತ್ತೆ ಮಾತೇ ಆಡುತ್ತಿರಲಿಲ್ಲ. ಮಾವನವರು ಒಳಗೆ ಮಂಚದ ಮೇಲಿರುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಬೆರಳುಗಳನ್ನು ಹೀಗೆ ಹೀಗೆ ಆಡಿಸುತ್ತ ಅವಳ ಮುಖವನ್ನೇ ನೋಡುತ್ತಿದ್ದರು. ಎಂಥ ಬಿಗುಮಾನದ ಹೆಂಗಸು ಎಂದುಕೊಂಡಿದ್ದಳು. ಬೆರಳಿನದು ವಾತವಿರಬೇಕೆಂದು ಮುಲಾಮು ತಂದುಕೊಟ್ಟಿದ್ದಳು. ಅತ್ತೆ ಅದನ್ನು ಏನೂ ಹೇಳದೆ ಹಚ್ಚಿಕೊಂಡಿದ್ದರು. ಮಾವ ಹೋದ ಮೇಲೆ, ಎಷ್ಟೋ ತಿಂಗಳು ಕಳೆದು, ಒಂದು ಬೆಳಿಗ್ಗೆ ಈರುಳ್ಳಿ ಹೆಚ್ಚುತ್ತ ಶುರುವಾದ ಮಾತು ಇವತ್ತಿನವರೆಗೆ ನಿಂತಿರಲಿಲ್ಲ. ಇದನ್ನೆಲ್ಲ ಅವಳು ಒಂದರ ಪಕ್ಕ ಒಂದಿಟ್ಟು ನೋಡಿರಲೇ ಇಲ್ಲ.

ಅತ್ತೆ ಎದ್ದರು. ಕುರ್ಚಿ ಸದ್ದು ಮಾಡಲಿಲ್ಲ. ಹಿಮ್ಮಡಿ ಊರದೆ ಹಜಾರ ದಾಟಿ, ಅಡುಗೆಮನೆಯ ಬಾಗಿಲ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು, ತುಸು ಮೇಲಕ್ಕೆತ್ತಿ ತಳ್ಳಿದರು. ಅವಳು ಬಂದಾಗಿನಿಂದ ದಿನವೂ ಕಿರುಚಿದ ಬಾಗಿಲು ಒಂದು ಉಸಿರಿಲ್ಲದೆ ತೆರೆದುಕೊಂಡಿತು. ಟಪ್ ನಿಂತಿತು. ಅತ್ತೆ ಹಾಗೆಯೇ ಬಂದು ಕೂತರು. ಈಗ ತಾಯಿ ಮಗನ ಕೈಗಳು ಸಲೀಸಾಗಿ ಓಡತೊಡಗಿದವು. ಮಂಡಿ, ಮಣಿಕಟ್ಟು, ಮಡಿಸಿದ ಎರಡು ಬೆರಳು, ಗಲ್ಲಕ್ಕೆ ತಾಗಿದ ಒಂದು ಬೆರಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನೊಡನೆ ಎರಡು ವಾಕ್ಯ ನೆಟ್ಟಗೆ ಮುಗಿಸದ ಮನುಷ್ಯ, ಗಾಜು ಒರೆಸುವ ಮನುಷ್ಯ, ಕೈಯಲ್ಲಿ ಏನೇನೋ ಹೇಳುತ್ತಿದ್ದ. ಕತ್ತು ತುಸು ವಾಲಿತ್ತು. ಹಿಂದಿನಿಂದ ಅವನು ಚಿಕ್ಕ ಹುಡುಗನ ಹಾಗೆ ಕಂಡ. ಅತ್ತೆ ಒಮ್ಮೆ ಹೆಬ್ಬೆರಳಿನಿಂದ ತಮ್ಮ ಭುಜದ ಹಿಂದಕ್ಕೆ, ಅವಳತ್ತ, ತೋರಿಸಿದರು. ಗಂಡ ತಲೆಯಾಡಿಸಿದ. ಅತ್ತೆ ಮತ್ತೆ ಏನೋ ಹೇಳಿದರು. ಅವಳ ಮನೆಯಲ್ಲಿ, ಅವಳು ಹೂಡಿದ ಆಟದಲ್ಲಿ, ಅವಳ ಎದುರಿಗೇ, ಅವಳ ಬಗ್ಗೆ.

"ಏನಂತಿದ್ದಾರೆ ಅವರು? ಏನ್ರೀ ಅಂತಿದ್ದಾರೆ ನಿಮ್ಮಮ್ಮ?"

ಅವಳ ದನಿ ಕಿಟಕಿಗೆ ಬಡಿದು ಬಂತು. ಬೆಕ್ಕು ಕಾಂಪೌಂಡಿನಿಂದ ಆಚೆ ಹಾರಿತು.

"ಅಮ್ಮ ಔಟ್!" ಎಂದು ಮಗಳು ಕುರ್ಚಿಯ ಮೇಲೆ ಕುಣಿದಳು. "ಅಮ್ಮನ್ನೇ ತಿಂತು ಚಿರತೆ! ಅಜ್ಜಿ, ನೀನು ಪಾಸು! ಅದೇನದು ಕೈಯಲ್ಲಿ? ನಂಗೂ ಹೇಳ್ಕೊಡು ಅಜ್ಜಿ."

"ಅಯ್ಯೋ, ಅದೆಲ್ಲ ಹಳೇದು ಬಿಡು," ಎಂದರು ಅತ್ತೆ, ಬೀಗ ತೆಗೆದ ಮರುಕ್ಷಣಕ್ಕೇ. "ನಿಮ್ಮ ತಾತನಿಗೆ ಗಿರಣೀಲಿ ರಾತ್ರಿ ಪಾಳಿ. ಹಗಲೆಲ್ಲ ನಿದ್ದೆ. ಚಮಚ ಬಿದ್ರೂ ಎದ್ದುಬಿಡೋರು. ಎದ್ರೆ, ಅಯ್ಯಪ್ಪ, ಮನೆ ಮನೆಯಾಗಿರ್ತಿರ್ಲಿಲ್ಲ. ಅದಕ್ಕೆ ನಾನು, ನಿಮ್ಮಪ್ಪ, ನಿಮ್ಮ ಸೋದರತ್ತೆ, ಮೂರೂ ಜನ ಕೈಯಲ್ಲೇ ಸಂಸಾರ. ನಿಮ್ಮಪ್ಪನಿಗೆ ಮಾತು ಬರೋದು ತಡವಾಯ್ತು ಅಂತ ಡಾಕ್ಟರ ಹತ್ರ ಹೋಗಿದ್ದೆ. 'ಮನೇಲಿ ಮಾತಾಡ್ತೀರೇನಮ್ಮ?' ಅಂತ ಕೇಳಿದ್ರು. ಏನು ಹೇಳ್ಲಿ?" ಎಂದು ನಕ್ಕರು. ಮಗಳೂ ನಕ್ಕಳು.

ಅವಳು ಎದ್ದು ಅಡುಗೆಮನೆಗೆ ಹೋದಳು. ಬಾಗಿಲು ಅವಳಿಗೆ ಕಿರುಚಿತು. ಹಿಂದೆಯೇ ಗಂಡ ಬಂದ. ನೀರು ಕುಡಿಯಲು ಬಂದವನಂತೆ ಲೋಟ ಹುಡುಕಿದ.

"ಹೇಳಿ. ಏನಂದ್ರು?"

"ಏನಿಲ್ಲ ಬಿಡು."

"ನನ್ನ ಕಡೆ ತೋರಿಸಿದ್ರು. ಕಣ್ಣಿದೆ ನನಗೆ."

ಅವನು ಲೋಟದ ಅಂಚನ್ನು ಹೆಬ್ಬೆರಳಿನಲ್ಲಿ ಒರೆಸಿದ. "ನಲ್ಲಿ ನೀನೇ ಬಿಟ್ಟಿದ್ದೀಯ ಅಂದ್ರು. ಬೇಕು ಅಂತ."

ಅವಳ ಮುಖ ಬಿಸಿಯಾಯಿತು. "ಆಮೇಲೆ?"

"ಬೈಬೇಡ ಅಂದ್ರು. ಅವಳಿಗೆ ಸುಸ್ತಾಗಿದೆ ಅಂದ್ರು. ನಂಗೆ ಮಂಡಿನೋವು ಅಂತ ನೀನೇ ಹೇಳಿಬಿಡು, ನಾನು ನಿನ್ನ ಅಕ್ಕನ ಮನೆಗೆ ಹೋಗಿರ್ತೀನಿ, ಅವಳು ಒಂದ್ಸಲ ಸುಮ್ಮನೆ ಕೂತು ಬರ್ಲಿ ಅಂದ್ರು."

"ಇಷ್ಟೆಲ್ಲ ಕೈಯಲ್ಲಿ ಹೇಳೋಕಾಗುತ್ತಾ?"

"ಆಗಲ್ಲ," ಎಂದ. "ಗೊತ್ತಾಗುತ್ತೆ."

ಅವನು ಹೋದ ಮೇಲೆ ಅವಳು ನಲ್ಲಿಯ ಮುಂದೆ ನಿಂತಳು. ಬೇಕಾಗಿದ್ದದ್ದು ಕೈಗೆ ಬಂದಿತ್ತು. ಮೂರು ಸೀಟು, ಮೌನದ ಜೀಪು, ಮಂಡಿನೋವಿನ ನೆಪವನ್ನೂ ಅವರೇ ಹೊಲಿದು ಕೊಟ್ಟಿದ್ದಾರೆ. ಒಂದು ಮಾತು ಬೈದಿದ್ದರೆ ಆಗುತ್ತಿರಲಿಲ್ಲವೇ? ನನ್ನನ್ನು ಹೊರಗಿಡೋಕೆ ನಲ್ಲಿ ಬಿಟ್ಟೆಯೇನೇ ಎಂದು ಕೂಗಾಡಿದ್ದರೆ ತಾನೂ ಕೂಗಾಡಿ, ಅತ್ತು, ಹಗುರಾಗುತ್ತಿದ್ದಳು. ಇದು ಹೇಗೆಂದರೆ, ಕಲಿಯುವವನು ತಪ್ಪು ಮಾಡುವ ಮೊದಲೇ ಪಕ್ಕದವರು ಮೆಲ್ಲಗೆ ಬ್ರೇಕು ಒತ್ತಿ, ನೀವು ಚೆನ್ನಾಗಿ ಓಡಿಸಿದಿರಿ ಎಂದು ಬೆನ್ನು ತಟ್ಟುವುದು. ತಾನು ಎಷ್ಟು ಜನಕ್ಕೆ ಹಾಗೆ ಮಾಡಿದ್ದಾಳೆ. ಅವರಿಗೆಲ್ಲ ಹೀಗೇ ಅನ್ನಿಸಿತ್ತೇ? ಜೀಪಿನಲ್ಲಿ ಕೂತ ತನ್ನನ್ನು ಕಲ್ಪಿಸಿಕೊಂಡಳು. ಪಕ್ಕದ ನಾಲ್ಕನೆಯ ಸೀಟಿನಲ್ಲಿ ಯಾರೋ ಕ್ಯಾಮೆರಾದವನು. ಸುತ್ತ ಮರಗಳು, ತಾನು ಬಯಸಿದ್ದ ಆ ಮೌನ. ಅದರಲ್ಲಿ ಹಿಮ್ಮಡಿ ಊರದೆ ಮನೆಯಿಡೀ ಓಡಾಡುವ ಒಬ್ಬ ಹರೆಯದ ಹೆಂಗಸು, ಸೊಂಟದಲ್ಲಿ ಮಗು, ಮಗುವಿನ ಬಾಯಿಯ ಮೇಲೆ ಅವಳ ಕೈ. ಇನ್ನು ಆ ಮೌನದಲ್ಲಿ ತಾನು ಕಾಲು ಚಾಚಿ ಕೂರುವುದು ಹೇಗೆ? ಅದನ್ನೂ ಹಾಳು ಮಾಡಿಬಿಟ್ಟರಲ್ಲ ಈ ಅತ್ತೆ!

ಫೋನು ಹೊಡೆದುಕೊಂಡಿತು. ವಸತಿಗೃಹದವನು.

"ಮೇಡಂ, ಮೂರಾ, ನಾಲ್ಕಾ?"

"ನಾಲ್ಕು," ಎಂದಳು. ಪ್ರೀತಿಯಿಂದ ಹೇಳಿದಳೋ ಹಟದಿಂದಲೋ ಅವಳಿಗೇ ತಿಳಿಯಲಿಲ್ಲ. ಭಿಕ್ಷೆ ಬೇಡವೆಂದು ತಟ್ಟೆ ತಳ್ಳಿದ ಹಾಗೂ ಇತ್ತು.

"ವಯಸ್ಸಾದವರು ಸುಮ್ಮನೆ ಕೂತ್ಕೋತಾರಾ ಮೇಡಂ? ಆಮೇಲೆ ಕಷ್ಟ."

"ಅವರು ಕೂತ್ಕೋತಾರೆ," ಎಂದು ಫೋನು ಇಟ್ಟುಬಿಟ್ಟಳು.

ಅತ್ತೆ ತಮ್ಮ ಕೋಣೆಯಲ್ಲಿ ಕೆಂಪು ಸ್ವೆಟರನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದರು, ತಮ್ಮ ಮಗಳ ಮನೆಗೆ ಒಯ್ಯಲು. ಇವಳನ್ನು ಕಂಡದ್ದೇ, "ಬಾ ಬಾ. ಈ ಮಂಡಿ ನೋಡು, ಇದ್ದಕ್ಕಿದ್ದ ಹಾಗೆ…" ಎಂದು ಶುರು ಮಾಡಿದರು.

"ಮಂಡಿಗೇನೂ ಆಗಿಲ್ಲ. ನೀವು ಬರ್ತಿದ್ದೀರಿ. ಹೇಳಿ ಆಯ್ತು."

"ನಾನ್ಯಾವಾಗ ಬರಲ್ಲ ಅಂದೆ?"

"ಅಂದ್ರಲ್ಲ. ಕೈಯಲ್ಲಿ."

ಅತ್ತೆ ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಆ ಹುಡುಗನ ಕೈಗೆ ಚಿಕ್ಕಂದಿನಿಂದ ಗುಟ್ಟು ನಿಲ್ಲಲ್ಲ," ಎಂದರು. ಸ್ವೆಟರನ್ನು ಬಿಚ್ಚಿ ಮತ್ತೆ ಮಡಿಸಿದರು. "ನಾನು ಬಂದ್ರೆ ದಾರಿ ತುಂಬ ಮಾತಾಡ್ತೀನಿ ಕಣೇ. ಜೀಪಲ್ಲಿ ಸುಮ್ಮನಿರ್ತೀನಿ, ಅದು ನಂಗೆ ಬರುತ್ತೆ. ದಾರೀಲಿ ಆಗಲ್ಲ. ಈಗಲೇ ಹೇಳಿದ್ದೀನಿ."

"ಗೊತ್ತು."

"ತಲೆನೋವು ಬರುತ್ತೆ ನಿಂಗೆ."

"ಬರ್ಲಿ. ಈಗೇನು ಬರ್ತಿಲ್ವಾ?"

ಅತ್ತೆ ಗಟ್ಟಿಯಾಗಿ ನಕ್ಕರು. ಅವಳು ನಗಲಿಲ್ಲ, ಮಂಚದ ಅಂಚಿನಲ್ಲಿ ಕೂತಳು. ನಲ್ಲಿಯ ಮಾತು ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಯಿತು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ಕೊನೆಗೆ ಸಿಡುಕಿಯೇ ಕೇಳಿದಳು, "ಅಲ್ಲಿ ನಿಮಗೆ ಚಿರತೆ ಕಂಡ್ರೆ, ನೀವೂ ನಿಮ್ಮ ಮಗನೂ ಹೇಳ್ಕೋತೀರಿ. ನಾನೇನು ಪೆದ್ದಿ ಹಾಗೆ ಮರ ನೋಡ್ತಾ ಕೂರ್ಲಾ? ಚಿರತೆಗೆ ಏನು ಕೈ?"

"ಚಿರತೆಗೆ ನಮ್ಮಲ್ಲಿ ಕೈ ಎಲ್ಲಿ ಬರ್ಬೇಕು? ಹಾಲು, ನೀರು, ಮಗು, ಹಸಿವು ಇಷ್ಟೇ." ಅತ್ತೆ ಯೋಚಿಸಿದರು. ನಗು ಮುಖದಿಂದ ನಿಧಾನಕ್ಕೆ ಹೋಯಿತು. ಬಲಗೈಯನ್ನು ಎದೆಯ ಹತ್ತಿರ ತಂದು, ನಾಲ್ಕು ಬೆರಳನ್ನು ಒಟ್ಟುಮಾಡಿ, ಮೊಗ್ಗು ಬಿಚ್ಚಿದ ಹಾಗೆ ಮೆಲ್ಲಗೆ ಬಿಡಿಸಿದರು. "ಇದೊಂದಿತ್ತು. ಯಜಮಾನರು ಎದ್ದರು ಅನ್ನೋದಕ್ಕೆ. ಇದೇ ಸಾಕು ಬಿಡು."

ಅವಳು ಕೈಯೆತ್ತಿ ಹಾಗೆಯೇ ಮಾಡಿದಳು.

"ಅಯ್ಯೋ, ಅಷ್ಟು ಜೋರಾಗಿ ಅಲ್ಲ ಕಣೇ," ಎಂದು ಅತ್ತೆ ಪಿಸುಗುಟ್ಟಿ, ಅವಳ ಬೆರಳುಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.